ಕೌದಿಗೆ ಯಂತ್ರದ ಹೊಲಿಗೆ

ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದು ನಮ್ಮ ನಾಡಿನ ಸ್ತ್ರೀಯರ ಬಹುಕಾಲದ ಕಸಬು. ಹಳಿಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಸ್ತ್ರೀಯರು ಅಂಚಿನಿಂದ ಮೊದಲ್ಗೊಂಡು ಮಧ್ಯದವರೆಗೆ ಸುತ್ತುಸುತ್ತಾಗಿ ಕೈಯಿಂದಲೇ ಹೊಲಿದು, ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ‘ಫುಲ’ಗಳನ್ನು, ಅಂದರೆ ಹೂಗಳನ್ನು, ಇಟ್ಟು ಮುಗಿಸುವರು.

ಯಲಹಂಕ, ಹೆಬ್ಬಾಳದ ಕಡೆ ನೆಲೆಸಿರುವ ನಮ್ಮ ಸೋದರಿಯರು ಮೇಲ್ಬಟ್ಟೆಯನ್ನು ತಾವೇ ಜೋಡಿಸಿ, ಉಳಿದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಯಸಿದಲ್ಲಿ ಕೆಲವು ಸಂಗತಿಗಳನ್ನು ಅರಿತಿರತಕ್ಕದ್ದು. ಮೇಲ್ಬಟ್ಟೆ, ನಡುವಣ ಹತ್ತಿಯ ಹಾಸು, ಅಡಿಬಟ್ಟೆ ಈ ಮೂರನ್ನೂ ಒಂದುಗೂಡಿಸುವುದೇ ಯಂತ್ರದ ಕಾರ್ಯ. ಚೌಕಟ್ಟಿಗೆ ಬಿಗಿಯಲು ಅನುಕೂಲವಾಗುವಂತೆ ಅಡಿಬಟ್ಟೆಯು ಪ್ರತಿಯೊಂದು ಪಕ್ಕದಲ್ಲಿಯೂ 4 ಅಂಗುಲದಷ್ಟು ಹೆಚ್ಚಾಗಿರಬೇಕು. ಜೋಡಣೆಗಳಿಗೆ ಇಸ್ತ್ರಿಮಾಡಿ, ಸಡಿಲವಾದ ನೂಲುಗಳನ್ನು ಕತ್ತರಿಸಿ ಕೊಡಬೇಕು. ಮೇಲ್ಬಟ್ಟೆ ಸಮವಾಗಿಲ್ಲದಿದ್ದರೆ ಹೊಲಿಗೆಯಲ್ಲಿ ನೆರಿಗೆ ಬೀಳುವುದು. ಹೊಲಿಗೆ ಒತ್ತಾದಷ್ಟೂ ಕೌದಿ ಬಿರುಸಾಗುವುದು. ಆದುದರಿಂದ ಕೂಸಿನ ಕೌದಿಗೆ ವಿರಳವಾದ ಹೊಲಿಗೆಯೇ ಲೇಸು.

ಆದರೆ ಅಜ್ಜಿ ಹೊಲಿದ ಜೀರ್ಣವಾದ ಕೌದಿಯನ್ನು ಯಂತ್ರಕ್ಕೆ ಕೊಡಲಾಗದು. ಸವೆದ ಬಟ್ಟೆಯು ಸೂಜಿಯ ರಂಧ್ರಗಳ ಸಾಲಿನಲ್ಲಿಯೇ ಹರಿಯಬಹುದು; ಅಲ್ಲದೆ ಆಕೆಯ ಕೈಹೊಲಿಗೆಯು ಹೊಸ ಹೊಲಿಗೆಯ ನಡುವೆ ಮರೆಯಾಗುವುದು. ಹೊಸದನ್ನು ಯಂತ್ರವು ಮುಗಿಸಲಿ. ಹಳೆಯದಕ್ಕೆ ಮೊಮ್ಮಗಳ ಕೈಯೇ ತೇಪೆ ಹಾಕಲಿ.