ಕರೆಯದೆ ಬಂದ ಐದನೇ ಮೀನು

ಅಕ್ವೇರಿಯಂಗೆ ಬಿಟ್ಟಿದ್ದು ನಾಲ್ಕು ಗೋಲ್ಡ್‌ಫಿಶ್. ಇವತ್ತು ಎಣಿಸಿದರೆ ಐದು! ಈ ಐದನೆಯದು ಯಾರದು?

ನೆನಪು ಮಾಡ್ಕೊಳ್ಳಿ. ಮಾಕಳಿದುರ್ಗ ಬೆಟ್ಟ ಹತ್ತಿ ಇಳಿದ ಮೇಲೆ, ಕೆಳಗಿನ ಕೆರೆಯಿಂದ ಒಂದು ಹಿಡಿ ನೀರುಗಿಡ ತಂದಿರಲ್ಲ? ಬಂದಿದ್ದು ಅದರ ಜೊತೆಗೇ.

ಮೊದಲು ಮೇಲಿನಿಂದ ನೋಡಿ. ನೆತ್ತಿ ಮೇಲೆ ಬೆಳ್ಳಿ ಬೊಟ್ಟು ಹೊಳೀತಿದ್ಯಾ? ಹಾಗಾದ್ರೆ ಪ್ಯಾಂಚಾಕ್ಸ್, ನಮ್ಮ ನಾಡಿನದೇ ಮೀನು. ಗಿಡಕ್ಕೆ ಮೊಟ್ಟೆ ಅಂಟಿಸುತ್ತೆ, ಸುಮಾರು ಎರಡು ವಾರಕ್ಕೆ ಮರಿ. ಗಾಜಿನ ಮಣಿಯಂಥ ಆ ಮೊಟ್ಟೆ ನಿಮ್ಮ ಕಣ್ಣಿಗೆ ಬಿದ್ದೇ ಇರಲ್ಲ.

ಬೊಟ್ಟಿಲ್ಲ, ಮೈ ಬೂದು, ಬಾಯಿ ಮೇಲ್ಮುಖ, ಬಾಲ ದುಂಡಗೆ? ಗ್ಯಾಂಬೂಸಿಯಾ ಇರಬಹುದು. ಅಮೆರಿಕದ ಮೂಲ, ಸೊಳ್ಳೆಮರಿ ತಿನ್ನಲಿ ಅಂತ 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು. ಮೊಟ್ಟೆ ಇಡಲ್ಲ, ನೇರ ಮರಿ ಹಾಕುತ್ತೆ; ಹಾಗಾಗಿ ಗಿಡದಲ್ಲಿ ಸಿಕ್ಕಿ ಬಂದಿದ್ದು ಮರಿಯೇ ಇರಬೇಕು. ಗಂಡಿನ ಹೊಟ್ಟೆಯಡಿಯ ರೆಕ್ಕೆ ಕಡ್ಡಿಯಂತೆ ಚೂಪು. ಗಂಡು ಗಪ್ಪಿಗೂ ಹಾಗೇ ಇರುತ್ತೆ, ಆದ್ರೆ ಅದರ ಬಣ್ಣದ ಶೋಕಿ ನೋಡಿದ್ರೆ ಗೊತ್ತಾಗಲ್ವಾ!

ಗ್ಯಾಂಬೂಸಿಯಾ ಆದರೆ ಇವತ್ತೇ ಬೇರೆ ಮಾಡಿ, ಗೋಲ್ಡ್‌ಫಿಶ್ ರೆಕ್ಕೆ ಕಚ್ಚುತ್ತೆ. ವಾಪಸ್ ಕೆರೆಗೆ ಮಾತ್ರ ಬಿಡಬೇಡಿ. ಕಪ್ಪೆಮರಿ, ಬೇರೆ ಮೀನಿನ ಮೊಟ್ಟೆ, ಯಾವುದನ್ನೂ ಬಿಡಲ್ಲ ಅದು.

ಇನ್ನು ಮುಂದೆ ಗಿಡ ತಂದರೆ, ಮೂರು ವಾರ ಬಕೆಟ್‌ನಲ್ಲೇ ಇಟ್ಟು ಕಾಯಿರಿ, ಮೊಟ್ಟೆ ಇದ್ದರೆ ಅಲ್ಲೇ ಒಡೆಯಲಿ.