ಮಣ್ಣು ಬೇರೆ, ಭೂಮಿ ಬೇರೆ

ಶ್ರೀಮಠಕ್ಕೆ ನ್ಯಾಯ ಕೇಳಿ ಬರುವ ಸದ್ಭಕ್ತರ ವ್ಯಾಜ್ಯಗಳಲ್ಲಿ ಹೆಚ್ಚಿನವು ಹೊಲದ ವಾಟ್ನಿಗೆ ಸಂಬಂಧಿಸಿದವು. ಬದುವಿನ ಒಂದು ಮೊಳ ಜಾಗಕ್ಕಾಗಿ ಒಡಹುಟ್ಟಿದವರು ಮಾತು ಬಿಟ್ಟಿರುತ್ತಾರೆ. ಅದೇ ಹೊಲದ ಮೇಲ್ಮಣ್ಣು ಪ್ರತಿ ಮಳೆಗೂ ಹಳ್ಳ ಸೇರುತ್ತಿದೆಯೆಂದು ದೂರು ತಂದವರನ್ನು ನಾವು ಇದುವರೆಗೆ ಕಂಡಿಲ್ಲ. ಭೂಮಿ, ಮಣ್ಣು ಎರಡೂ ಒಂದೇ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು.

ಭೂಮಿಯೆಂಬುದು ಅಳತೆಗೆ ಸಿಕ್ಕುವಂಥದು. 40 ಗುಂಟೆಗೆ ಒಂದು ಎಕರೆ. ಅದಕ್ಕೊಂದು ಸರ್ವೆ ನಂಬರು, ಚಕ್ಕುಬಂದಿ, ಖಾತೆದಾರರ ಹೆಸರು. ಅದನ್ನು ಮಾರಬಹುದು, ದಾನ ಕೊಡಬಹುದು, ಮಕ್ಕಳಿಗೆ ಹಂಚಬಹುದು. ಶರಣರು ಹೊನ್ನು, ಹೆಣ್ಣು, ಮಣ್ಣು ಎಂದು ಒಟ್ಟಿಗೆ ಹೇಳುವಲ್ಲಿ ‘ಮಣ್ಣು’ ಎಂಬುದಕ್ಕೆ ಈ ಒಡೆತನದ ಭೂಮಿಯೆಂದೇ ಅರ್ಥ.

ಮಣ್ಣು ಆ ಭೂಮಿಯ ಮೇಲಿನ ಸಜೀವ ಪದರ. ಬಂಡೆ ಸವೆದು, ಎಲೆ-ಬೇರು ಕೊಳೆತು, ಎರೆಹುಳು ಮತ್ತು ಕಣ್ಣಿಗೆ ಕಾಣದ ಜೀವಿಗಳು ದುಡಿದು ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಒಳ್ಳೆಯ ಮಣ್ಣಿನ ಸುಮಾರು ಅರ್ಧ ಭಾಗ ಗಾಳಿ ಮತ್ತು ನೀರು ಎಂದರೆ ಹಲವರು ನಂಬುವುದಿಲ್ಲ. ಗದಗ, ವಿಜಯಪುರ ಸೀಮೆಯ ಎರೆಹೊಲ ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹಿಂಗಾರಿನ ಬಿಳಿಜೋಳ ಅದು ಹಿಡಿದಿಟ್ಟ ತೇವದ ಮೇಲೆಯೇ ಬೆಳೆಯುತ್ತದೆ. ಮಸಾರಿಯಲ್ಲಿ ನೀರು ಬೇಗ ಇಂಗಿಹೋಗುತ್ತದೆ. ಆದ್ದರಿಂದ ಎರಡೆಕರೆ ಎರೆ, ಎರಡೆಕರೆ ಮಸಾರಿ ಕಾಗದದಲ್ಲಷ್ಟೇ ಸಮ. ಪಹಣಿಯಲ್ಲಿ ಮಣ್ಣಿನ ನಮೂನೆಗೂ ಒಂದು ಅಂಕಣವುಂಟು. ಹೆಸರಿನ ಅಂಕಣ ಓದಿದ ಮೇಲೆ ಅಲ್ಲಿಗೆ ಕಣ್ಣು ಹಾಯಿಸುವವರು ವಿರಳ.

ಹಿರಿಯರಿಗೆ ಈ ಭೇದ ತಿಳಿದಿತ್ತು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೇ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತೇವೆ; ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣನ್ನೇ ಮನೆಗೆ ತಂದು ಎತ್ತು ಮಾಡಿ ಪೂಜಿಸುತ್ತೇವೆ. ಲಿಂಗೈಕ್ಯರಾದವರ ಸಮಾಧಿಗೆ ಬಂಧುಗಳು ಹಾಕುವುದೂ ಹಿಡಿ ಮಣ್ಣು. ಅದು ಯಾರ ಖಾತೆಯದೆಂದು ಅಲ್ಲಿ ಕೇಳುವವರಿಲ್ಲ.

ನಷ್ಟದ ರೀತಿಯೂ ಬೇರೆ. ಭೂಮಿ ಒತ್ತುವರಿಯಾದರೆ ನ್ಯಾಯಾಲಯ ಬಿಡಿಸಿಕೊಡಬಹುದು. ಇಟ್ಟಿಗೆ ಭಟ್ಟಿಗೆ ಮಾರಿದ ಮೇಲ್ಮಣ್ಣು ಮರಳುವುದಿಲ್ಲ. ಆದರೆ ಎಕರೆಯ ಲೆಕ್ಕ ಕಿಂಚಿತ್ತೂ ತಗ್ಗದ ಕಾರಣ ಏನೂ ಕಳೆದಿಲ್ಲವೆಂದೇ ತೋರುತ್ತದೆ. ಕಳೆದದ್ದು ತಿಳಿಯುವುದು ಮಣ್ಣು ಪರೀಕ್ಷೆಯಲ್ಲಿ: ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಅದನ್ನು ಕಡಿಮೆಯೆಂದು ಎಣಿಸುತ್ತಾರೆ. ಅಂಥ ಹೊಲಕ್ಕೆ ಕೊಟ್ಟಿಗೆ ಗೊಬ್ಬರ, ಕೆರೆಯ ಹೂಳು, ಇಳಿಜಾರಿಗೆ ಅಡ್ಡಲಾಗಿ ಬದು ಇವು ಬೇಕು.

ವಾಟ್ನಿಯ ವಿಷಯವಾಗಿ ಶ್ರೀಮಠಕ್ಕೆ ಬರುವ ಸದ್ಭಕ್ತರು ಇನ್ನು ಮುಂದೆ ಪಹಣಿಯ ಜೊತೆಗೆ ಮಣ್ಣು ಆರೋಗ್ಯ ಕಾರ್ಡನ್ನೂ ತರಬೇಕೆಂದು ಕೋರುತ್ತೇವೆ.