ಮಾಳಿಗೆಯ ಮಣ್ಣು, ಕಾಲೇಜಿನ ಸೂರು



ನಾರಾಯಣಪೇಟೆ, ಮಕ್ತಲ್, ಗದ್ವಾಲದ ಹಳೆಯ ಮನೆಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಮೊಳದಷ್ಟು ದಪ್ಪನೆಯ ಕಲ್ಲು ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಸವಳು ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ನೇಕಾರರ ಮನೆಯಾದರೆ ಕುಣಿಮಗ್ಗ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಕುಣಿಯಲ್ಲಿಟ್ಟ ಕಾಲಿಗೆ ನೆಲದ ತಂಪು. ಅಂಥ ಮನೆಯನ್ನು ಕೆಡವಿದವರಲ್ಲಿ ನಾನೂ ಒಬ್ಬ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಾಲ ಮಾಡಿ ಸ್ಲ್ಯಾಬ್ ಹಾಕಿಸಿದೆ. ಬಂಧುಗಳೆಲ್ಲ ಮೆಚ್ಚಿದರು. ಮೊದಲ ಬೇಸಿಗೆಗೇ ನನ್ನ ತಾಯಿ ಹೊರಸನ್ನು ಅಂಗಳಕ್ಕೆ ಹಾಕಿಸಿಕೊಂಡರು. ಒಳಗೆ ಬಾ ಎಂದರೆ, "ಭಟ್ಟಿಯಾಗ ಯಾರು ಮಲಗ್ತಾರಪ್ಪ" ಎಂದರು.

ಮೊನ್ನೆ ಹಾಸ್ಟೆಲಿನಲ್ಲಿ ಓದುವ ಮೊಮ್ಮಗ ಫೋನಿನಲ್ಲಿ ಇದೇ ಮಾತು ಹೇಳಿದ. ಅವನದು ಮೇಲಿನ ಮಹಡಿಯ ಕೋಣೆ. ಸಂಜೆ ಏಳರ ಮೇಲೆ ಪುಸ್ತಕ ಹಿಡಿದು ಕೂರಲಾಗದಂತೆ. ಆಗ ನನಗೆ ಈ ವಿಷಯದ ಹಿಂದೆ ಬೀಳಬೇಕೆನಿಸಿತು.

ಕಾರಣ ಕಷ್ಟದ್ದೇನಲ್ಲ. ನಮ್ಮ ಸೀಮೆಯಲ್ಲಿ ಮೇ ತಿಂಗಳ ಮೊದಲ ವಾರ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗಿಂತ ಸೂರಿಗೇ ಹೆಚ್ಚು ಪೆಟ್ಟು. ಐದು ಅಂಗುಲದ ಕಾಂಕ್ರೀಟು ಆ ಶಾಖವನ್ನು ಕುಡಿದು ಮೂರು ನಾಲ್ಕು ತಾಸಿನಲ್ಲಿ ಕೆಳಗಿನವರ ತಲೆಯ ಮೇಲೆ ಸುರಿಯುತ್ತದೆ. ದಪ್ಪನೆಯ ಮಣ್ಣಿನಲ್ಲಿ ಶಾಖ ಒಳಗಿಳಿಯುವಷ್ಟರಲ್ಲಿ ರಾತ್ರಿಯಾಗಿ ಹೊರಗಿನ ಗಾಳಿಯೇ ತಂಪಾಗಿರುತ್ತದೆ. ಇಷ್ಟೇ ಗುಟ್ಟು.

ಹಾಗೆಂದು ವಿಶ್ವವಿದ್ಯಾಲಯಕ್ಕೆ ಮಣ್ಣಿನ ಮಾಳಿಗೆ ಹಾಕಲಾದೀತೇ ಎಂದು ನೀವು ನಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಣ್ಣನ್ನು ನಗೆಯ ವಿಷಯವೆಂದು ಎಣಿಸಲಿಲ್ಲ. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಅಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಹಳ್ಳಿಗೆ ವಿಜ್ಞಾನ ಒಯ್ಯುವುದು ಅದರ ಉದ್ದೇಶ. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಮಾಡುವ ಇಟ್ಟಿಗೆಯನ್ನು ರೂಢಿಗೆ ತಂದರು. ಸುಡುವುದೇ ಇಲ್ಲವಾದ್ದರಿಂದ ಕಟ್ಟಿಗೆಯೂ ಬೇಡ, ಕಲ್ಲಿದ್ದಲೂ ಬೇಡ. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಇಂಧನದ ಕಾಲು ಭಾಗ ಸಾಕು ಎಂದು ಅವರು 2003ರ ಒಂದು ಪ್ರಬಂಧದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಇದು ಮಸಾರಿ ಮಣ್ಣಿಗೆ ಚೆನ್ನಾಗಿ ಒಗ್ಗುತ್ತದೆ. ನಮ್ಮ ಎರೆ ಮಣ್ಣು ಹಾಗಲ್ಲ. ನೆನೆದರೆ ಉಬ್ಬುವ, ಒಣಗಿದರೆ ಬಿರಿಯುವ ಜಾತಿ ಅದು. ಮರಳು, ಸುಣ್ಣ ಬೆರೆಸಿ ಪಳಗಿಸಬೇಕು. ಪರೀಕ್ಷೆ ಮಾಡಿಸದೆ ಯಾರೂ ಕೈಹಾಕಬೇಡಿ.

ಹೈದರಾಬಾದಿನಲ್ಲಿ ಸೊರಾಬ್ಜಿ ಗೋದ್ರೆಜ್ ಹಸಿರು ಕೇಂದ್ರವಿದೆ. 2004ರ ಜುಲೈನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಉದ್ಘಾಟಿಸಿದರು. ಅಮೆರಿಕದ ಹೊರಗೆ 'ಪ್ಲಾಟಿನಂ' ದರ್ಜೆ ಪಡೆದ ಮೊದಲ ಕಟ್ಟಡ ಅದು. ಏನಿದೆ ಅಲ್ಲಿ? ನಡುವೆ ಅಂಗಳ, ಜಾಲಂಧ್ರದ ಗೋಡೆ, ಗಾಳಿ ಇಳಿಸುವ ಗೋಪುರ, ಸೂರಿನ ಮೇಲೆ ಹುಲ್ಲು, ಸೌರ ಫಲಕ. ಫಲಕವೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನಮ್ಮಜ್ಜಂದಿರಿಗೆ ಹೊಸದಲ್ಲ. ಆದರೆ ಅದೇ ಊರಿನಲ್ಲಿ ಗಾಜಿನ ಪೆಟ್ಟಿಗೆಯಂಥ ಕಟ್ಟಡ ಎಬ್ಬಿಸಿ, ಒಳಗೆ ಏರ್ ಕಂಡಿಷನ್ ಹಾಕಿ, ಬಾಗಿಲಿಗೆ ಹಸಿರು ಬೋರ್ಡು ತಗುಲಿಸುವವರನ್ನೂ ನೋಡಿದ್ದೇನೆ. ನನಗದು ಒಪ್ಪಿತವಲ್ಲ.

ಇರುವ ಕಟ್ಟಡವನ್ನು ಏನು ಮಾಡುವುದು? ಹೈದರಾಬಾದಿನ ವಾಣಿಜ್ಯ ಕಟ್ಟಡಗಳ ಕಪ್ಪು ಸೂರಿಗೆ ಬಿಳಿ ಬಳಿದು ಅಳತೆ ಮಾಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ತಂಪುಗೊಳಿಸುವ ವಿದ್ಯುತ್ತಿನಲ್ಲಿ ನೂರಕ್ಕೆ 14ರಿಂದ 26ರಷ್ಟು ಉಳಿತಾಯ. ಒಂದು ಚದರ ಮೀಟರ್ ಸೂರಿಗೆ ವರ್ಷಕ್ಕೆ 20 ಯೂನಿಟ್. 2023ರಲ್ಲಿ ತೆಲಂಗಾಣ ಸರ್ಕಾರ ತಂಪು ಸೂರಿನ ನೀತಿಯನ್ನೇ ಹೊರಡಿಸಿ, ಹೊಸ ಸರ್ಕಾರಿ ಕಟ್ಟಡಗಳಿಗೆ ಕಡ್ಡಾಯ ಮಾಡಿತು. ಹಾಸ್ಟೆಲಿನಲ್ಲಿ ಏರ್ ಕಂಡಿಷನ್ ಎಲ್ಲಿಂದ ಬರಬೇಕು? ಅಲ್ಲಿ ಲಾಭ ಯೂನಿಟ್ಟಿನಲ್ಲಿ ಕಾಣದು, ಹುಡುಗರ ನಿದ್ದೆಯಲ್ಲಿ ಕಾಣುತ್ತದೆ.

ಇನ್ನು ಫ್ಯಾನು. ಗುಮಾಸ್ತನಿಗೆ ಲೆಕ್ಕವಿಲ್ಲದೆ ಮಾತು ಮುಗಿಯದು, ಕ್ಷಮಿಸಿ. ಹಳೆಯ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಹೊಸ ಬಗೆಯದು ಸುಮಾರು 30. ಉಳಿದದ್ದು 45. ದಿನಕ್ಕೆ 8 ತಾಸು, ವರ್ಷಕ್ಕೆ 200 ದಿನ ತಿರುಗಿದರೆ ಒಂದು ಫ್ಯಾನಿಗೆ 72 ಯೂನಿಟ್. ನೂರು ಫ್ಯಾನಿನ ಕಾಲೇಜಿಗೆ 7,200 ಯೂನಿಟ್. ಒಂದು ಯೂನಿಟ್ಟಿಗೆ ಮುಕ್ಕಾಲು ಕಿಲೋದಷ್ಟು ಕಲ್ಲಿದ್ದಲು ಹಿಡಿದರೆ ಐದು ಟನ್ನಿಗೂ ಮೇಲಾಯಿತು. ಕಲ್ಲಿದ್ದಲು ಎಲ್ಲೋ ದೂರದ ಮಾತಲ್ಲ. ಮಕ್ತಲ್ ಕಡೆಯಿಂದ ಕೃಷ್ಣಾ ಸೇತುವೆ ದಾಟಿ ರಾಯಚೂರಿಗೆ ಹೋಗುವವರು ಶಕ್ತಿನಗರದ ಚಿಮಣಿಗಳನ್ನು ನೋಡಿಯೇ ಇರುತ್ತಾರೆ. 1985ರಿಂದ ಅಲ್ಲಿ ಒಲೆ ಉರಿಯುತ್ತಿದೆ. ಹೊಗೆಗೆ ರಾಜ್ಯದ ಗಡಿ ತಿಳಿಯದು.

ನಾನು ಮಾಡಿದ್ದು ಚಿಕ್ಕ ಕೆಲಸ. ತಾಯಿ ತೀರಿಕೊಂಡ ಮೇಲೆ ಬುದ್ಧಿ ಬಂತೆನ್ನಿ. ಹೋದ ಯುಗಾದಿಗೆ ಸ್ಲ್ಯಾಬನ್ನು ಗುಡಿಸಿ, ತೊಳೆದು, ಅರಳಿದ ಸುಣ್ಣಕ್ಕೆ ತುಸು ಅಂಟು ಬೆರೆಸಿ ಎರಡು ಕೈ ಬಳಿಸಿದೆ. ಬರಿಗಾಲಲ್ಲಿ ಮಧ್ಯಾಹ್ನ ಹತ್ತಿ ನಿಂತು ನೋಡಿದೆ, ನಿಲ್ಲಲಾಯಿತು. ಮೊಮ್ಮಗನ ಹಾಸ್ಟೆಲಿನವರಿಗೂ ಕಾಗದ ಬರೆದಿದ್ದೇನೆ, ಉತ್ತರ ಬಂದಿಲ್ಲ. ಸುಣ್ಣ ಒಂದು ಮಳೆಗಾಲಕ್ಕೆ ಮಾಸುತ್ತದೆ. ಪ್ರತಿವರ್ಷ ಶಿವರಾತ್ರಿ ಕಳೆದ ಮೇಲೆ, ಬಿಸಿಲು ಬಲಿಯುವ ಮೊದಲು ಬಳಿಯಬೇಕು. ಬಳಿಯುವಾಗ ಕಣ್ಣು ಜೋಪಾನ, ಸುಣ್ಣ ಸಿಡಿಯುತ್ತದೆ.